ಸಮುದ್ರದ ಕಡೆಯ ಬಾಗಿಲು

ಮೈಸೂರಿನಲ್ಲಿ ಬೆಳೆದ ನನಗೆ ನೀರೆಂದರೆ ಕೆರೆ, ಬಾವಿ, ನಲ್ಲಿ. ಸಮುದ್ರ ಕಂಡರೆ ಇಂದಿಗೂ ಎದೆ ಡವಗುಟ್ಟುತ್ತದೆ. ಒಮಾನಿಗೆ ಹೋದ ಹೊಸದು, 2004 ಇರಬೇಕು. ಘಾಲಾ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಜೊತೆಗಿದ್ದ ಒಮಾನಿ ಫೋರ್‌ಮನ್ ಶುಕ್ರವಾರದ ಊಟಕ್ಕೆ ತನ್ನೂರಿಗೆ ಕರೆದ. ಸೂರ್ ಪಟ್ಟಣದ ಆಚೆಗಿನ ಮೀನುಗಾರರ ಹಳ್ಳಿ. ಏಳು ತಿಂಗಳ ಬಸುರಿ ಹೆಂಡತಿ ಅಷ್ಟು ದೂರ ಕಾರಿನಲ್ಲಿ ಕೂರಲಾರೆನೆಂದು ನಾಲ್ಕು ವರ್ಷದ ಮಗಳನ್ನು ಮಾತ್ರ ನನ್ನೊಂದಿಗೆ ಕಳಿಸಿದಳು.

"ನೀರಿನ ಹತ್ರ ಮಾತ್ರ ಬಿಡ್ಬೇಡಿ ಅವಳನ್ನ," ಎಂದಳು.

ಬಿಡುವ ಮಾತೇ ಇರಲಿಲ್ಲ. ಆದರೆ ಕಾರಿಳಿಯುತ್ತಲೇ ಫೋರ್‌ಮನ್ನನ ತಾಯಿ ಬಂದು ಮಗಳ ಕೈ ಹಿಡಿದು ಒಳಗೆ ಕರೆದೊಯ್ದರು. ಹೆಂಗಸರ ಕಡೆಗೆ ಹೊರಗಿನ ಗಂಡಸು ಕಾಲಿಡುವಂತಿಲ್ಲ. ನನ್ನನ್ನು ಮುಂದಿನ ಕೋಣೆಯಲ್ಲಿ ಅವನ ತಂದೆಯ ಪಕ್ಕ ಕೂರಿಸಿದರು. ಪುಟ್ಟ ಬಟ್ಟಲಲ್ಲಿ ಕಾಫಿ, ಜೊತೆಗೆ ಖರ್ಜೂರ. ಸಾಕಾದರೆ ಬಟ್ಟಲು ಅಲ್ಲಾಡಿಸಬೇಕಂತೆ. ಅದು ಗೊತ್ತಿಲ್ಲದ ನಾನು ಖಾಲಿ ಮಾಡುತ್ತ ಹೋದೆ, ಅವರು ತುಂಬುತ್ತ ಹೋದರು.

ಮಾತಿನ ಮಧ್ಯೆ ಫೋರ್‌ಮನ್ ಹಿಂದಿಯಲ್ಲಿ ತನ್ನೂರಿನ ಬಡಾಯಿ ಕೊಚ್ಚಿಕೊಂಡ. ಇಲ್ಲಿನ ಮನೆಗಳಿಗೆಲ್ಲ ಎರಡು ಬಾಗಿಲು, ಒಂದು ಬೀದಿಗೆ, ಒಂದು ಸಮುದ್ರಕ್ಕೆ. ಉಬ್ಬರದ ಹೊತ್ತು ನೀರು ಹಿಂಬಾಗಿಲ ಮೆಟ್ಟಿಲಿಗೇ ಬರುತ್ತದೆ, ಮೀನು ದೋಣಿಯಿಂದ ನೇರ ಅಡುಗೆಮನೆಗೆ. ಈಗ ಉಬ್ಬರವೇ ಎಂದ.

ಮಗಳ ದನಿ ಕೇಳಿ ಬಹಳ ಹೊತ್ತಾಗಿತ್ತು. ಕೂಗಿದೆ. ಉತ್ತರ ಬರಲಿಲ್ಲ. ಆಮೇಲೆ ಮನೆಯ ಹಿಂದೆ ಏನೋ ದೊಪ್ಪನೆ ನೀರಿಗೆ ಬಿದ್ದ ಸದ್ದಾಯಿತು. ಎದ್ದವನು ಹೆಂಗಸರ ಕಡೆಯ ಬಾಗಿಲ ಪರದೆಯ ಮುಂದೆ ನಿಂತುಬಿಟ್ಟೆ. ಮಗಳು ಮುಳುಗುತ್ತಿರಬಹುದು, ನನಗಿಲ್ಲಿ ಮರ್ಯಾದೆಯ ಯೋಚನೆ! ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ನನ್ನ ಮುಖ ನೋಡಿದ ಮುದುಕರು ಎದ್ದು, ಒಳಕ್ಕೆ ಏನೋ ಕೂಗಿ ಹೇಳಿ, ತೋಳು ಹಿಡಿದು ನಡೆಸಿಕೊಂಡು ಹೋದರು. ಹೆಂಗಸರು ಮುಖ ಮುಚ್ಚಿಕೊಂಡು ದಾರಿ ಬಿಟ್ಟರು.

ಮಗಳು ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲಾಡಿಸುತ್ತಿದ್ದಳು. ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಇನ್ನೊಂದು ತುದಿ ಫೋರ್‌ಮನ್ನನ ತಾಯಿಯ ಮುಂಗೈಗೆ ಸುತ್ತಿತ್ತು. ಪಕ್ಕದಲ್ಲಿದ್ದ ಅವರ ಮೊಮ್ಮಗುವಿನ ಸೊಂಟದಲ್ಲೂ ಹಗ್ಗ. ಈಜು ಬರುವವರೆಗೆ ಇಲ್ಲಿಯ ಮಕ್ಕಳೆಲ್ಲ ಹೀಗೇ ಎಂದು ಹಿಂದೆ ಬಂದ ಫೋರ್‌ಮನ್ ನಕ್ಕ. ಸದ್ದು ಮಾಡಿದ್ದು ಯಾವುದೋ ದೋಣಿಯವರು ಇಳಿಬಿಟ್ಟ ಲಂಗರು.

ಆ ತಾಯಿ ನನ್ನನ್ನೊಮ್ಮೆ ನೋಡಿ, ತಮ್ಮ ಮುಂಗೈಯ ಹಗ್ಗವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಭದ್ರವಾಗಿ ಹಿಡಿದೆ. ಸ್ವಲ್ಪ ಹೊತ್ತಿಗೆ ಮಗಳು ಹಿಂದಿರುಗಿ ನೋಡಿದಳು.

"ಎಳೀಬೇಡ ಅಪ್ಪ. ಆ ಅಜ್ಜಿ ಎಳೀತಾನೇ ಇರ್ಲಿಲ್ಲ."

ನಾನು ಎಳೆಯುತ್ತಿರಲಿಲ್ಲ. ಕೈ ನಡುಗುತ್ತಿತ್ತು.