ಕಣ್ಣ ಮುಂದಿನ ಪಟಗ

ನಮ್ಮ ಮದುವೆಯ ಊಟದಲ್ಲಿ ನನ್ನ ಎಲೆಯನ್ನು ದಾಟಿ ಪಕ್ಕದವರಿಗೆ ಎರಡನೆಯ ಹೋಳಿಗೆ ಬಡಿಸಿದ ಮಹನೀಯರ ಹೆಸರನ್ನು ನಾನು ಇಂದಿಗೂ ಹೇಳಬಲ್ಲೆ. ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಅದರಿಂದ ಹೋಳಿಗೆಯ ವಿಷಯದಲ್ಲೇನೂ ಬದಲಾವಣೆಯಾಗಿಲ್ಲ. ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಸೆಂಟರ್‌ವಿಲ್‌ನ ಪಾಟೀಲ ಡಾಕ್ಟರ ಪಟಗದ, ಎಂದರೆ ತಲೆಯ ರುಮಾಲಿನ, ಬಗ್ಗೆ ಮುಂದೆ ಬರೆಯಲಿರುವುದನ್ನು ಓದಿ, ಈ ಮುದುಕ ಸಿಟ್ಟಿನ ಭರದಲ್ಲಿ ಬರೆದಿದ್ದಾನೆ ಎಂದು ಯಾರೂ ಭಾವಿಸಬಾರದು. ಒಂದು ವರ್ಷಕ್ಕೂ ಮೇಲ್ಪಟ್ಟು ಸಾವಧಾನವಾಗಿ ಯೋಚಿಸಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ವರ್ಜೀನಿಯಾದ ಹಸಿರು ದಿಬ್ಬಗಳು ಸಿಗುತ್ತವೆ. ಪ್ರತಿ ವಸಂತದ ಒಂದು ಶನಿವಾರ ಅಲ್ಲಿ ಬೇಲಿ ಹಾರುವ ಕುದುರೆಗಳ ಓಟದ ದೊಡ್ಡ ಹಬ್ಬ. ಬರೀ ಓಡುವ ಕುದುರೆಗೆ ಅಲ್ಲಿ ಬೆಲೆಯಿಲ್ಲ. ದಾರಿಯುದ್ದಕ್ಕೂ ಎದೆಮಟ್ಟದ ಬೇಲಿಗಳನ್ನು ಹಾರುತ್ತ ಸಾಗಬೇಕು. ಹಿಂದೆ ಐರ್ಲೆಂಡಿನ ಸವಾರರು ಒಂದೂರಿನ ಇಗರ್ಜಿಯ ಗೋಪುರದಿಂದ ಇನ್ನೊಂದೂರಿನ ಗೋಪುರದವರೆಗೆ, ನಡುವೆ ಸಿಕ್ಕ ಹಳ್ಳ, ಬೇಲಿಗಳನ್ನೆಲ್ಲ ಹಾರಿಸುತ್ತ ಪಂದ್ಯ ಕಟ್ಟಿದ್ದರಿಂದ ಈ ಆಟ ಹುಟ್ಟಿತಂತೆ. ನಮ್ಮ ಮೈಸೂರು ಸೀಮೆಯಲ್ಲಿ ಹೀಗೆ ಗೋಪುರದಿಂದ ಗೋಪುರಕ್ಕೆ ಓಟವಿಟ್ಟಿದ್ದರೆ ಸವಾರರು ಎರಡನೆಯ ಗೋಪುರದ ಬಳಿ ಪುಳಿಯೋಗರೆಗೆ ಇಳಿದುಬಿಡುತ್ತಿದ್ದರು. ಮೂರನೆಯದನ್ನು ಕುದುರೆಗಳು ತಾವೇ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ಈ ಆಟಕ್ಕೂ ನನಗೂ ನಂಟು ಬೆಳೆದದ್ದು ಸಾಂಕ್ರಾಮಿಕದ ಕಾಲದಲ್ಲಿ. ಮನೆಯಲ್ಲಿ ಕುಳಿತು, ಇದೇ ಮೈದಾನದಲ್ಲಿ ನಡೆದ ಪ್ರೇಕ್ಷಕರಿಲ್ಲದ ಓಟವೊಂದನ್ನು ಐಪ್ಯಾಡಿನಲ್ಲಿ ನೋಡುತ್ತಿದ್ದೆ. ಮೊಲಾಸಿಸ್ ಎಂಬ ಹೆಸರಿನ ಕಂದು ಕುದುರೆಯೊಂದು ಎಲ್ಲರಿಗಿಂತ ಮುಂದಿತ್ತು. ನಾನು ಕೂಡಲೇ ಹೆಸರನ್ನು ಕನ್ನಡಕ್ಕೆ ತಂದು ಅದಕ್ಕೆ ಜೋನಿಬೆಲ್ಲ ಎಂದು ನಾಮಕರಣ ಮಾಡಿದೆ. ಕೊನೆಯ ಬೇಲಿಯಲ್ಲಿ ಅದರ ಮುಂಗಾಲು ತಗುಲಿತು. ಕುದುರೆ ಮುಗ್ಗರಿಸಿ ಬಿತ್ತು. ಸವಾರ ಎದ್ದ, ಕುದುರೆಯೂ ಎದ್ದಿತು. ಎದ್ದದ್ದು ಸುಮ್ಮನೆ ಹೋಗಲಿಲ್ಲ. ಕತ್ತು ತಿರುಗಿಸಿ ಆ ಬೇಲಿಯನ್ನು ಒಮ್ಮೆ ನೋಡಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇದು ನಮ್ಮ ಪೈಕಿಯ ಪ್ರಾಣಿ ಎಂದುಕೊಂಡೆ.

ಅಂದಿನಿಂದ ಅದು ಷಾರ್ಲೆಟ್ ಬಳಿ ಓಡಲಿ, ಅಟ್ಲಾಂಟಾ ಬಳಿ ಓಡಲಿ, ಐಪ್ಯಾಡಿನ ಮುಂದೆ ಹಾಜರಾಗುತ್ತಿದ್ದೆ. ಒಂದು ಡಾಲರನ್ನೂ ಪಣಕ್ಕಿಟ್ಟವನಲ್ಲ. ನನ್ನ ಆಸೆ ಒಂದೇ: ಜೋನಿಬೆಲ್ಲ ತಾನು ಬಿದ್ದ ಆ ಬೇಲಿಯನ್ನೇ ಹಾರುವುದನ್ನು ನಾನು ಹತ್ತಿರ ನಿಂತು ಕಣ್ಣಾರೆ ನೋಡಬೇಕು. ಆದರೆ ಸರಿಯಾಗಿ ವಸಂತದ ಹೊತ್ತಿಗೇ ಕಾಲುನೋವು ಕಾಣಿಸಿಕೊಂಡು ಅದು ಈ ಮೈದಾನಕ್ಕೆ ಬಹುಕಾಲ ಬರಲೇ ಇಲ್ಲ. ಕಡೆಗೆ ಬಂದದ್ದು ಕಳೆದ ವರ್ಷ.

ಈ ಹಬ್ಬದಲ್ಲಿ ಟೋಪಿಯ ಸಂಪ್ರದಾಯವೊಂದಿದೆ. ಹೆಂಗಸರು ಹೂದೋಟವನ್ನೇ ತಲೆಯ ಮೇಲಿಟ್ಟುಕೊಂಡು ಬರುತ್ತಾರೆ, ಸ್ಪರ್ಧೆಯಿದೆ, ಬಹುಮಾನವಿದೆ. ನಮ್ಮ ಬೀದಿಯ ಸಾಫ್ಟ್‌ವೇರ್ ಹುಡುಗಿ ಶ್ರುತಿ ಕೊನೆಯ ಬೇಲಿಯ ಎದುರಿಗೇ ಕಾರು ನಿಲ್ಲಿಸುವ ಜಾಗ ಹಿಡಿದು, ನನ್ನನ್ನೂ ನನ್ನ ಹೆಂಡತಿ ಕಮಲೆಯನ್ನೂ ಪಾಟೀಲ ಡಾಕ್ಟರನ್ನೂ ಕರೆದಿದ್ದಳು. ಡಾಕ್ಟರು ಧಾರವಾಡದ ಕಡೆಯವರು. ಜೀವಮಾನವೆಲ್ಲ ಮೂಳೆ ಜೋಡಿಸಿ ನಿವೃತ್ತರಾದವರು. ಅಂದು ಹನ್ನೆರಡು ಮೊಳದ ಗುಲಾಬಿ ಪಟಗ ಸುತ್ತಿಕೊಂಡು ಬಂದರು. ಟೋಪಿ ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಬಹುಮಾನವೂ ಬಂತು. ಅಲ್ಲಿಯವರೆಗೆ ನನ್ನ ಆಕ್ಷೇಪವಿರಲಿಲ್ಲ.

ಜೋನಿಬೆಲ್ಲ ಕೊನೆಯ ಬೇಲಿಗೆ ಬರುವ ಹೊತ್ತಿಗೆ ಡಾಕ್ಟರು ಸರಿಯಾಗಿ ನನ್ನ ಮುಂದೆ ಬಂದು ನಿಂತರು. ಗೊರಸಿನ ಸದ್ದು ಕೇಳಿತು, ಜನರ ಕೂಗು ಕೇಳಿತು. ಕಂಡದ್ದು ಮಾತ್ರ ಗುಲಾಬಿ ಬಣ್ಣ. ಆಮೇಲೆ ಅವರು ನನ್ನತ್ತ ತಿರುಗಿ, "ಏನ್ ಹಾರಿತ್ರೀ ಸಾಹೇಬ್ರ! ಗಾಳ್ಯಾಗ ಹತ್ತಿ ತೇಲಿದಂಗ ಹಾರಿತ್ರೀ!" ಎಂದರು.

ಈ ಮಾತನ್ನು ಅವರು ವರ್ಷವಿಡೀ ಹೇಳಿದರು. ಗಣೇಶನ ಹಬ್ಬದಲ್ಲಿ ಹೇಳಿದರು, ಯುಗಾದಿಯಲ್ಲಿ ಹೇಳಿದರು, ಇಂಡಿಯನ್ ಅಂಗಡಿಯಲ್ಲಿ ನಾನು ತೊಗರಿಬೇಳೆ ಆರಿಸುತ್ತಿದ್ದಾಗ ಹಿಂದಿನಿಂದ ಬಂದು ಹೇಳಿದರು. ಪ್ರತಿ ಸಲವೂ ಹತ್ತಿ, ಪ್ರತಿ ಸಲವೂ ಗಾಳಿ.

ಈ ವಸಂತದ ಓಟವೇ ಜೋನಿಬೆಲ್ಲನ ಕೊನೆಯ ಓಟವೆಂದು ತಿಳಿಯಿತು. ನಾನು ವ್ಯವಸ್ಥಿತವಾಗಿ ಸಿದ್ಧನಾದೆ. ಶುಕ್ರವಾರ ಸಂಜೆ ಡಾಕ್ಟರಿಗೆ ಫೋನ್ ಮಾಡಿ, ಮಾರನೆಯ ದಿನ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲವೆಂದು ನೆನಪಿಸಿದೆ. ಅವರು ರಾಹುಕಾಲದಲ್ಲಿ ಹೊಸ್ತಿಲು ದಾಟುವವರಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶ್ರುತಿಯ ಕಾರು ಎಂಟೂವರೆಗೇ ಹೊರಡುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಹೀಗಾಗಿ ಬೇಲಿಯ ಎದುರಿನ ಹಗ್ಗಕ್ಕೆ ಹೊಟ್ಟೆ ತಾಗಿಸಿಕೊಂಡು ನಾನು ಮೊದಲಿಗನಾಗಿ ನಿಂತೆ. ಬಿಸಿಲು ಏರಿತು. ಶ್ರುತಿ ಮೊರದಗಲದ ಹುಲ್ಲಿನ ಟೋಪಿಯೊಂದನ್ನು ತಂದು, "ಅಂಕಲ್, ಸನ್‌ಬರ್ನ್ ಆಗತ್ತೆ, ಪ್ಲೀಸ್ ಹಾಕ್ಕೊಳಿ. ಫೋಟೋನೂ ಚೆನ್ನಾಗ್ ಬರತ್ತೆ" ಎಂದಳು. ಹಾಕಿಕೊಂಡೆ.

ಡಾಕ್ಟರು ಬಂದಾಗ ಹನ್ನೆರಡಾಗಿತ್ತು. ಕಾರನ್ನು ದೂರದ ಹುಲ್ಲುಗಾವಲಿನಲ್ಲಿ ನಿಲ್ಲಿಸಿ ಬೆವರುತ್ತ ನಡೆದು ಬಂದಿದ್ದರು. ತಲೆ ಬರಿದಾಗಿತ್ತು.

"ಪಟಗ ಎಲ್ಲಿ, ಡಾಕ್ಟ್ರೇ?" ಎಂದಳು ಕಮಲೆ.

"ಹಿಂದ ನಿಂತವರಿಗೆ ಕಾಣಂಗಿಲ್ಲ ಅಂತ ಬಿಟ್ಟು ಬಂದೇನ್ರೀ ಬಾಯಾರ."

ಇದು ನನ್ನನ್ನು ಕರಗಿಸಲು ಹೂಡಿದ ತಂತ್ರವೆಂದು ಬಗೆದು ನಾನು ಬೇಲಿಯತ್ತಲೇ ನೋಡುತ್ತಿದ್ದೆ. ಅವರು ನನ್ನ ಹಿಂದೆ ನಿಂತರು.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಮೂಗಿನ ನೇರಕ್ಕೆ, ತೀರ ಹತ್ತಿರವಿರುವುದು ಅದಕ್ಕೆ ಕಾಣುವುದಿಲ್ಲವಂತೆ. ದೂರದಿಂದ ಬೇಲಿಯನ್ನು ನೋಡಿ ಲೆಕ್ಕ ಹಾಕುತ್ತದೆ. ನೆಗೆಯುವ ಗಳಿಗೆಯಲ್ಲಿ ಬೇಲಿ ಕಣ್ಣಿನಿಂದ ಮರೆಯಾಗಿರುತ್ತದೆ. ಇದನ್ನು ನಾನು ಎಲ್ಲೋ ಓದಿದ್ದೆ. ಓದಬಾರದಿತ್ತು. ಜೋನಿಬೆಲ್ಲ ದಿಬ್ಬವಿಳಿದು ನೇರ ನನ್ನತ್ತ ಬರುತ್ತಿದ್ದಾಗ ಅದೇ ನೆನಪಾಯಿತು. ವಯಸ್ಸಾದ ಕುದುರೆ, ಹಳೆಯ ನೋವು, ಅದೇ ಬೇಲಿ. ನೆಲ ನಡುಗಿತು. ಕಾಣದ್ದನ್ನು ಅದು ಹೇಗೆ ಹಾರೀತು, ಬಿದ್ದರೆ ನಾನು ಹೇಗೆ ನೋಡಲಿ ಎನ್ನಿಸಿ ಕೈಮುಗಿದು ಕಣ್ಣು ಮುಚ್ಚಿಬಿಟ್ಟೆ.

ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಧಪ್ಪೆಂಬ ಸದ್ದು, ಜನರ ಕೇಕೆ. ಕಣ್ಣು ತೆರೆದಾಗ ಕಂದು ಬಾಲವೊಂದು ಗಾಂಭೀರ್ಯದಿಂದ ದೂರವಾಗುತ್ತಿತ್ತು.

ಹಿಂದಿನಿಂದ ಡಾಕ್ಟರು ಭುಜ ತಟ್ಟಿದರು. "ನಿಮ್ಮ ಟೊಪಗಿ ಮುಂದ ನನಗೇನೂ ಕಾಣಲಿಲ್ರೀ ಸಾಹೇಬ್ರ. ಹೆಂಗ ಹಾರಿತು? ಹೇಳ್ರೆಲಾ."

ಅವರ ದನಿಯಲ್ಲಿ ದೂರಿರಲಿಲ್ಲ. ತಿಳಿಯುವ ಆತುರವಷ್ಟೇ ಇತ್ತು. ನಾನು ಗಂಟಲು ಸರಿಮಾಡಿಕೊಂಡು, "ಗಾಳಿಯಲ್ಲಿ ಹತ್ತಿ ತೇಲಿದ ಹಾಗೆ ಹಾರಿತು" ಎಂದೆ. ಹತ್ತಿ ತೇಲುವುದನ್ನು ನಾನು ಜನ್ಮದಲ್ಲಿ ನೋಡಿದವನಲ್ಲ.

ಡಾಕ್ಟರು ಇನ್ನೂ ಜೋಡಿಸಿಕೊಂಡೇ ಇದ್ದ ನನ್ನ ಕೈಗಳನ್ನು ನೋಡಿದರು, ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಕಣ್ ಮುಚ್ಚಿದ್ರಿ, ಹೌದಲ್ಲೋ? ಹೋದ ವರ್ಷ ನಾನೂ ಮುಚ್ಚಿದ್ದೆರೀ! ನಲವತ್ತು ವರ್ಷ ಮುರಿದ ಕಾಲು ನೋಡೇನಿ, ಮುರಿಯೂದು ನೋಡ್ಲಿಕ್ಕೆ ನನ್ನ ಕೈಲೆ ಆಗಂಗಿಲ್ಲ."

ಒಂದಿಡೀ ವರ್ಷ ನಾನು ಹೊಟ್ಟೆಕಿಚ್ಚಿನಿಂದ ಹೊತ್ತು ತಿರುಗಿದ ಆ ಹತ್ತಿ, ಯಾರೂ ನೋಡದ ಹತ್ತಿ! ಹಾರುವ ಕುದುರೆಗೂ ಬೇಲಿ ಕಾಣಲಿಲ್ಲ, ಪಟಗಕ್ಕೂ ಕಾಣಲಿಲ್ಲ, ಟೋಪಿಗೂ ಕಾಣಲಿಲ್ಲ.

"ಎರಡು ವರ್ಷಾನೂ ನಾನು ನೋಡಿದೀನಿ" ಎಂದಳು ಕಮಲೆ, ಡಬ್ಬಿಯ ಮುಚ್ಚಳ ತೆಗೆಯುತ್ತ. "ಹೋದ ಸಲ ಹಿಂಗಾಲು ಬೇಲಿಗೆ ತಾಗಿತ್ತು. ಈ ಸಲ ಬೇಲೀದು ಒಂದು ಎಲೇನೂ ಅಲುಗಲಿಲ್ಲ, ಅಷ್ಟು ಚೆನ್ನಾಗಿ ಹಾರ್ತು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ನೆನಪಿಟ್ಟುಕೊಳ್ಳತಕ್ಕ ಅವಮಾನವೊಂದನ್ನು ನಾನೇ ಮಾಡಿದ್ದೇನೆಂದು ಅರಿವಾಯಿತು. ಡಬ್ಬಿಯಲ್ಲಿದ್ದದ್ದು ಹೋಳಿಗೆ. ಕಮಲೆ ಎಲ್ಲರಿಗೂ ಒಂದೊಂದು ಬಡಿಸಿದಳು. ಎರಡನೆಯ ಸುತ್ತಿನಲ್ಲಿ ಶ್ರುತಿಗೆ ಬಡಿಸಿದಳು, ನನ್ನ ತಟ್ಟೆಯನ್ನು ದಾಟಿದಳು, ಪಾಟೀಲ ಡಾಕ್ಟರಿಗೆ ಬಡಿಸಿದಳು.

ನ್ಯಾಯವಾಗಿಯೇ ಇತ್ತು. ಇದೊಂದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಬಾರದೆಂದು ಅಲ್ಲಿಯೇ ನಿಶ್ಚಯಿಸಿದೆ. ನಿಶ್ಚಯಿಸಿ ಇಂದಿಗೆ ಏಳು ವಾರ, ಎರಡು ದಿನ.