ಬುತ್ತಿಯ ಗಂಟಿನೊಳಗಿನ ಫೋನು

ಮರಾಠಿ ಸೀಮೆಯ ಧನಕವಡಿಯ ರಿಕ್ಷಾ ಸ್ಟ್ಯಾಂಡಿನಲ್ಲಿ ಕಲ್ಲವ್ವನಿಗೆ ‘ವಕೀಲಬಾಯಿ’ ಎಂದೇ ಹೆಸರು. ಓದಿದ್ದು ಏಳನೆಯ ಇಯತ್ತೆ, ಅದೂ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಸಕ್ಕರೆ ಕಾಯಿಲೆಯಿಂದ ಗಂಡ ಮುರುಗೆಪ್ಪನ ಕಣ್ಣು ಮಂಜಾದಾಗ ಅವನ ರಿಕ್ಷಾದ ಹ್ಯಾಂಡಲ್ ಹಿಡಿದವಳು, ಒಂಬತ್ತು ವರ್ಷವಾದರೂ ಬಿಟ್ಟಿಲ್ಲ. ಈಗ ಮುರುಗೆಪ್ಪನೇ ಮನೆಯಲ್ಲಿ ರೊಟ್ಟಿ ಬಡಿಯುತ್ತಾನೆ. ಅವನ ರೊಟ್ಟಿ ಹೆಂಡತಿಯ ರೊಟ್ಟಿಗಿಂತ ತೆಳು. ಈ ಮಾತನ್ನು ಕಲ್ಲವ್ವನ ಮುಂದೆ ಆಡುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ವಕೀಲಬಾಯಿ ಎಂಬ ಹೆಸರು ಬಂದದ್ದು ಒಂದು ದಂಡದಿಂದ. ಒಮ್ಮೆ ರಿಕ್ಷಾ ಓಡಿಸುತ್ತಲೇ ಫೋನನ್ನು ಕಿವಿಗೆ ಹಚ್ಚಿ ಸಿಕ್ಕಿಬಿದ್ದಿದ್ದಳು. ಆ ಅವಮಾನ ಅವಳಿಗೆ ಜೀರ್ಣವಾಗಲಿಲ್ಲ. ಮುಂದಿನ ತಿಂಗಳು ಯೂನಿಯನ್ನಿನವರು ಸುಮಂಗಲಾ ಎಂಬ ವಕೀಲರನ್ನು ಕರೆಸಿ ಚಾಲಕರ ಹಕ್ಕುಗಳ ಬಗ್ಗೆ ಹೇಳಿಸಿದರು. ಉಳಿದವರು ಚಹಾ ಕುಡಿದು ಎದ್ದುಹೋದರೆ ಕಲ್ಲವ್ವ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಳು. ಓಡುವ ಗಾಡಿಯಲ್ಲಿ ಫೋನ್ ಹಿಡಿಯಬಾರದು. ಪೊಲೀಸರು ತಡೆದಾಗ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ ಮೇಲೆ ಫೋನು ನಿಮ್ಮದು. ಅದರಲ್ಲಿರುವ ಲೈಸೆನ್ಸು, ಆರ್‌ಸಿ ತೋರಿಸಬಹುದು, ಮನೆಯವರಿಗೆ ಸುದ್ದಿ ಮುಟ್ಟಿಸಬಹುದು, ಪೊಲೀಸರ ಕೆಲಸಕ್ಕೆ ಅಡ್ಡ ಬರದಂತೆ ವಿಡಿಯೊ ಕೂಡ ತೆಗೆಯಬಹುದು. ಮರುದಿನದಿಂದ ಸ್ಟ್ಯಾಂಡಿನಲ್ಲಿ ಇದೇ ಪುರಾಣ. ಜೊತೆಗೆ ತನಗೇ ಒಂದು ಕಟ್ಟಳೆ ಹಾಕಿಕೊಂಡಳು. ಬೆಳಿಗ್ಗೆ ಮನೆ ಬಿಡುವಾಗ ಅಡುಗೆಮನೆಯ ಕಟ್ಟೆಯ ಮೇಲಿನ ಊಟದ ಚೀಲದೊಳಕ್ಕೆ ಫೋನ್ ಇಳಿಸಿಬಿಡುವುದು. ಕೈಗೆ ಎಟುಕದಿದ್ದರೆ ಪಾಪವೂ ಇಲ್ಲ.

ಆ ಬುಧವಾರ ಮಾತ್ರ ಕಟ್ಟೆಯ ಮೇಲೆ ಊಟದ ಚೀಲ ಇರಲಿಲ್ಲ. ಅಲ್ಲಿದ್ದದ್ದು ಬಯಕೆಯ ಬುತ್ತಿಯ ಬುಟ್ಟಿ.

ಮಗಳು ಶೀತಲ್‌ಗೆ ಐದು ತಿಂಗಳು. ಅಳಿಯ ಖಡಕಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾಗಿ ಆರು ವರ್ಷ ಕಾದ ಮೇಲೆ ನಿಂತ ಬಸಿರು ಅದು. ಹಾಗಾಗಿ ಕಲ್ಲವ್ವ ಶಾಸ್ತ್ರದಲ್ಲಿ ಎಳ್ಳಷ್ಟೂ ಕೊರತೆ ಮಾಡುವವಳಲ್ಲ. ಗಂಡ ಹೆಂಡತಿ ಸೇರಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರು ಬುತ್ತಿ, ಹುಳಿ ಬುತ್ತಿ, ಶೇಂಗಾ ಹೋಳಿಗೆ ಎಲ್ಲವನ್ನೂ ಬುಟ್ಟಿಗೆ ತುಂಬಿ, ಬಿಳಿ ಧೋತರದಲ್ಲಿ ಕಟ್ಟಿ, ಗಂಟಿನ ಮೇಲೆ ಕುಂಕುಮ ಇಟ್ಟರು. ಒಮ್ಮೆ ಕುಂಕುಮ ಬಿದ್ದ ಗಂಟನ್ನು ಬಸುರಿಯ ಕೈಯೇ ಬಿಚ್ಚಬೇಕು. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ಬುತ್ತಿ ಮುಟ್ಟಬೇಕು. ಬೀಗತಿ ಅನ್ನಪೂರ್ಣಮ್ಮ ಇಂಥ ವಿಷಯದಲ್ಲಿ ಗಡಿಯಾರಕ್ಕಿಂತ ಖಡಕ್ಕು.

ಶಿವಾಜಿನಗರ ದಾಟಿದ ಮೇಲೆ ಒಂದು ಚೌಕದಲ್ಲಿ ತಪಾಸಣೆ ನಡೆದಿತ್ತು. ಚೇತನ ಎಂಬ ಹೊಸ ಹುಡುಗ ಪೊಲೀಸ್ ಕೈ ಅಡ್ಡ ಹಿಡಿದ.

“ಮಾವಶಿ, ಕಾಗದಪತ್ರ,” ಎಂದು ಮರಾಠಿಯಲ್ಲಿ ಚಿಕ್ಕಮ್ಮನೆಂದೇ ಕರೆದು ಕೇಳಿದ.

ಕಲ್ಲವ್ವ ರಿಕ್ಷಾ ಬದಿಗೆ ಹಚ್ಚಿ, ಇಂಜಿನ್ ಆರಿಸಿ, ಕೀಲಿ ಕೂಡ ತೆಗೆದಳು. ಮುಖದ ಮೇಲೆ ಪರೀಕ್ಷೆಗೆ ಓದಿಕೊಂಡು ಬಂದವಳ ಕಳೆ. “ಎಲ್ಲಾ ಫೋನಿನಾಗ ಅದಾವ,” ಎಂದು ಅವಳೂ ಮರಾಠಿಯಲ್ಲೇ ಹೇಳಿದಳು.

“ತಪಾಸಣೆ ನಡೆದಾಗ ಫೋನ್ ಮುಟ್ಟಬಾರದು.”

ತಗೋ, ವಕೀಲಬಾಯಿ ಎಚ್ಚೆತ್ತಳು. ಸುಮಂಗಲಾ ವಕೀಲರು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ, ಉಸಿರು ಬಿಡದೆ ಒಪ್ಪಿಸಿದಳು. ಸಿಗ್ನಲ್ಲಿಗೆ ನಿಂತ ನಾಲ್ಕು ಸ್ಕೂಟರಿನವರು ಹೆಲ್ಮೆಟ್ಟಿನ ಗಾಜು ಎತ್ತಿ ಕೇಳಿದರು. ಹುಡುಗ ಅಡ್ಡ ಹಿಡಿದ ಕೈ ಇಳಿಸಿದ. “ಆಯ್ತು ಮಾವಶಿ, ತೆಗೀರಿ ಫೋನು,” ಎಂದ.

ಕಲ್ಲವ್ವ ಹಿಂದಕ್ಕೆ ಕೈ ಚಾಚಿದಳು. ಊಟದ ಚೀಲ ಇಲ್ಲ. ಆಗ ನೆನಪಾಯಿತು: ಬೆಳಿಗ್ಗೆ ಅವಸರದಲ್ಲಿ ಕೈ ತನ್ನ ರೂಢಿಯಂತೆ ಕಟ್ಟೆಯ ಮೇಲಿದ್ದುದರೊಳಗೆ ಫೋನ್ ಇಳಿಸಿತ್ತು, ಕಣ್ಣು ಮಂಜಾದ ಮುರುಗೆಪ್ಪ ಅದರ ಮೇಲೆ ಗಂಟು ಬಿಗಿದಿದ್ದ. ಅದೇ ಹೊತ್ತಿಗೆ ಬುಟ್ಟಿಯೊಳಗಿಂದ ಫೋನು ಬಡಿದುಕೊಳ್ಳತೊಡಗಿತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವರಾದರೂ ಪುಣ್ಯವಂತರು, ಸಿಕ್ಕ ಮೇಲೆ ಎತ್ತಿಕೊಳ್ಳಬಹುದು. ಇವಳದು ಎತ್ತಿಕೊಳ್ಳಲಾಗದ ಕೂಸು.

“ಗಂಟು ಬಿಚ್ಚಿ,” ಎಂದ ಚೇತನ.

“ಬಿಚ್ಚಂಗಿಲ್ಲ.”

“ಒಳಗೆ ಏನಿದೆ?”

“ಹೋಳಿಗಿ.”

ಹೋಳಿಗೆಗೆ ಕರೆ ಬರುವುದನ್ನು ಅವನು ಕೇಳಿರಲಿಲ್ಲ. ಅನುಮಾನ ಬಂದು ಮೇಡಮ್ಮನನ್ನು ಕೂಗಿದ. ಗಂಟೆ ಹನ್ನೊಂದೂ ಇಪ್ಪತ್ತು.

ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅಧಿಕಾರಿ ಪ್ರಣೀತಾ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಎದ್ದು ಬಂದಳು. ಎಲ್ಲ ಕೇಳಿ, ಮೊದಲು ಚೇತನನಿಗೇ ಹೇಳಿದಳು: “ಗಾಡಿ ನಿಂತಿದೆ, ಇಂಜಿನ್ ಬಂದ್ ಇದೆ. ಫೋನ್ ತೆಗೆಯಲಿ, ಮಾವಶಿ ಹೇಳಿದ್ದು ಸರಿ.” ಗೆದ್ದರೂ ಕಲ್ಲವ್ವನಿಗೆ ಗೆದ್ದಂತಾಗಲಿಲ್ಲ. ಅವಳ ಕಣ್ಣು ತುಂಬಿತು. “ಶಿವನೇ, ಬಯಕಿ ಬುತ್ತಿ ದಾರ್ಯಾಗ ಹೆಂಗ ಬಿಚ್ಚಲಿ,” ಎಂದು ತನ್ನಷ್ಟಕ್ಕೇ ಕನ್ನಡದಲ್ಲಿ ಗೊಣಗಿದಳು.

ಪ್ರಣೀತಾಳ ಮುಖ ಬದಲಾಯಿತು. “ಬುತ್ತಿಯೇನ್ರಿ? ಯಾರಿಗೆ?”

“ಮಗಳಿಗ್ರಿ, ಐದ ತಿಂಗಳಾಗ್ಯಾವ. ನೀವು ಕನ್ನಡದವರೇನು?”

“ಅಕ್ಕಲಕೋಟಿ ಕಡೆಯಾಕಿ. ಮನ್ಯಾಗ ಅವ್ವ ಕನ್ನಡಾನೇ ಮಾತಾಡ್ತಿದ್ಲು. ಆಕಿ ಹೋಗಿ ಮೂರು ವರ್ಷ ಆತು.” ಗಂಟಿನ ಮೇಲಿನ ಕುಂಕುಮ ನೋಡುತ್ತ ಹೇಳಿದಳು, “ನನಗೂ ಐದ ನಡದಾವ. ಬುತ್ತಿ ತರೋರು ಯಾರೂ ಇಲ್ಲ ನೋಡ್ರಿ.”

ಸಡಿಲವಾದ ಖಾಕಿ ಅಂಗಿಯನ್ನು ಕಲ್ಲವ್ವ ಆಗಲೇ ಗಮನಿಸಿದ್ದಳು. ಈಗ ಬುಟ್ಟಿ ಎತ್ತಿ ಅವಳ ಮುಂದೆ ಹಿಡಿದಳು. “ಬಸುರಿ ಕೈಲೆ ಬಿಚ್ಚಬೇಕು ಅಂತದ ಶಾಸ್ತ್ರ. ಯಾವ ಬಸುರಿ ಅಂತ ಹೇಳಿಲ್ಲ. ಬಿಚ್ಚವ್ವ.”

ಪ್ರಣೀತಾ ಚಪ್ಪಲಿ ಬಿಡುವಂತೆ ಬೂಟು ಕಳಚಿ ನಿಂತು ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿಯ ಮೇಲೆ ಮಲಗಿದ್ದ ಫೋನು ಮತ್ತೆ ಬಡಿದುಕೊಂಡಿತು. ಶೀತಲ್‌ಳ ವಿಡಿಯೊ ಕರೆ.

“ಅವ್ವಾ, ಎಲ್ಲಿದ್ದಿ? ಅತ್ತಿ ಹತ್ತು ಸಲ ಗಡಿಯಾರ ನೋಡಿದ್ರು.”

ಕಲ್ಲವ್ವ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಶೀತಲ್ ಮೆಲ್ಲಗೆ ಕೇಳಿದಳು, “ಆ ಅಕ್ಕ ಉಂಡ್ಲೇನು?”

“ಇನ್ನೂ ಇಲ್ಲ.”

“ಮೊದಲ ತುತ್ತು ಆಕಿಗೆ ತಿನಸು. ನನಗ ಅವ್ವ ಅದಾಳ.”

ಹಿಂದಿನಿಂದ ಅನ್ನಪೂರ್ಣಮ್ಮನ ದನಿ ಕೇಳಿತು: “ಇಬ್ಬರು ಬಸುರ್ಯಾರು ಉಂಡ ಬುತ್ತಿ, ಒಳ್ಳೇದ ಆತು ಬಿಡ್ರಿ. ತಿನಿಸಿ ಲಗೂನ ಬರ್ರಿ.”

ಪ್ರಣೀತಾ ಹಿಂದೆ ಸರಿದಳು. “ಮೊದಲ ಕಾಗದ ನೋಡ್ತೀನ್ರಿ.” ನೋಡಿದಳು, ಎಲ್ಲ ಸರಿ ಇದ್ದವು. “ಡ್ಯೂಟಿ ಮ್ಯಾಲೆ ತಿಂದ್ರ ಮಂದಿ ಲಂಚ ಅಂತಾರ.”

“ಅನ್ನಲಿ. ವಿಡಿಯೊ ಚಾಲೂ ಅದ. ಅದು ನನ್ನ ಹಕ್ಕು,” ಎಂದಳು ವಕೀಲಬಾಯಿ.

ಪ್ರಣೀತಾ ನಕ್ಕು ಬಾಯಿ ತೆರೆದಳು. ಮೊಸರು ಬುತ್ತಿಯ ಮೊದಲ ತುತ್ತಿಗೆ ನಗು ನಿಂತು ಕಣ್ಣೀರು ಇಳಿಯಿತು. ಚೇತನ ಬೆನ್ನು ತಿರುಗಿಸಿ ನಿಂತು, ಯಾರೂ ಕೇಳದಿದ್ದರೂ ಎರಡೂ ಕಡೆಯ ಗಾಡಿಗಳನ್ನು ತಡೆದು ರಿಕ್ಷಾಕ್ಕೆ ದಾರಿ ಮಾಡಿಕೊಟ್ಟ.

ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಬುತ್ತಿ ಖಡಕಿ ಮುಟ್ಟಿತು. ಪ್ರಣೀತಾ ತನ್ನ ಕೈಯಾರೆ ಮತ್ತೆ ಕಟ್ಟಿದ್ದ ಗಂಟನ್ನು ಶೀತಲ್ ಒಂದು ಗಳಿಗೆ ಹಿಡಿದುಕೊಂಡಳು, ಆಮೇಲೆ ಬಿಚ್ಚಿದಳು.

ಈಗ ಸ್ಟ್ಯಾಂಡಿನ ಪಾಠಕ್ಕೆ ಇನ್ನೊಂದು ಮಾತು ಸೇರಿದೆ: “ಫೋನ್ ತೆಗಿಯೂದು ನಿಮ್ಮ ಹಕ್ಕು, ತೆಗಿಯೂ ಜಾಗಾದಾಗ ಇಡೂದು ನಿಮ್ಮ ಕೆಲಸ.” ಏಳನೆಯ ತಿಂಗಳಿಗೆ ಮುರುಗೆಪ್ಪ ಎರಡರಷ್ಟು ರೊಟ್ಟಿ ಬಡಿದ. ಕಲ್ಲವ್ವ ಎರಡು ಬುಟ್ಟಿ ತುಂಬಿ ಎರಡು ಗಂಟು ಕಟ್ಟಿದಳು. ಒಂದು ಖಡಕಿಗೆ, ಒಂದು ಪ್ರಣೀತಾಳ ಮನೆಗೆ.