ಸ್ಕ್ಯಾನರಿಗೆ ಇಟ್ಟ ಬೊಟ್ಟು

ಪುಸ್ತಕದ ಬೀರುವಿಗೆ ಬೀಗ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಡವೆ ಇಟ್ಟ ಬೀರುವಾದರೆ ಹಾಳಾಗಿಹೋಗಲಿ, ಹಾಕಿಕೊಳ್ಳಲಿ. ಪುಸ್ತಕಕ್ಕೆ ಯಾಕೆ? ಕಡೂರಿನ ಕಾಲೇಜೊಂದಕ್ಕೆ ಗ್ರಂಥಪಾಲಕಿಯಾಗಿ ಬಂದ ಮೊದಲ ವಾರವೇ ಅಲ್ಲಿದ್ದ ಬೀಗಗಳನ್ನೆಲ್ಲ ತೆಗೆಸಿದವಳು ನಾನು. ಹಾಗಾಗಿ, ಈ ಸೀಮೆಯ ಹಳೆಯ ಸಂಶೋಧನೆಗಳನ್ನು ಸ್ಕ್ಯಾನ್ ಮಾಡಿ ಒಂದು ಡಿಜಿಟಲ್ ಭಂಡಾರ ಮಾಡೋಣ, ಯಾರು ಎಲ್ಲಿಂದ ಬೇಕಾದರೂ ಪುಕ್ಕಟೆ ಓದುವಂತೆ ಇಂಟರ್‌ನೆಟ್ಟಿನಲ್ಲಿ ಇಡೋಣ ಎಂದು ಪ್ರಿನ್ಸಿಪಾಲರು ಹೇಳಿದಾಗ ಅವರ ಕೊಠಡಿಯಲ್ಲೇ ಕುಣಿದುಬಿಡಬೇಕು ಅನ್ನಿಸಿತು.

ಮೊದಲು ನೆನಪಾದವರು ನಮ್ಮ ಮೇಷ್ಟ್ರು. ಡಿಗ್ರಿಯಲ್ಲಿ ನನಗೆ ಕನ್ನಡ ಕಲಿಸಿದವರು, ನಿವೃತ್ತರಾಗಿ ತರೀಕೆರೆಯಲ್ಲಿದ್ದಾರೆ. ವಯಸ್ಸಿದ್ದಾಗ ಯಗಟಿ, ಹಿರೇನಲ್ಲೂರು ಕಡೆಯ ಕುರಿಮಂದೆಗಳ ಹಿಂದೆ ವರ್ಷಗಟ್ಟಲೆ ಅಲೆದು, ಕುರಿಗಾರರು ಮಂದೆಯನ್ನು ಕರೆಯುವ, ತಿರುಗಿಸುವ, ನೀರಿಗಿಳಿಸುವ ಕೂಗುಗಳ ಮೇಲೆ ಪಿಎಚ್.ಡಿ. ಬರೆದಿದ್ದರು. ಓದಿ ಕೊಡುತ್ತೇನೆಂದು ಒಯ್ದ ಪುಣ್ಯಾತ್ಮನೊಬ್ಬ ಅದರ ಒಂದು ಅಧ್ಯಾಯವನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡ. ಅವತ್ತಿನಿಂದ ಮಹಾಪ್ರಬಂಧ ಟ್ರಂಕು ಸೇರಿತು. ಯಾರು ಕೇಳಿದರೂ ಮೇಷ್ಟ್ರದು ಒಂದೇ ಉತ್ತರ, ಇಲ್ಲ.

ನಾನು ಹೋಗಿ ಕೇಳಿದಾಗಲೂ ರೇಗಿದರು. “ತೆರೆದಿಡ್ತಾಳಂತೆ! ಬಾಗ್ಲು ತೆಗ್ದು ಕಳ್ರನ್ನ ಊಟಕ್ಕೆ ಕರ್ದಂಗಾಯ್ತು.”

“ಟ್ರಂಕಲ್ಲಿಟ್ರೆ ಯಾರು ಓದ್ತಾರೆ ಸಾರ್? ಗೆದ್ದಲು ಓದ್ತವೆ,” ಅಂದೆ. ಮೇಷ್ಟ್ರೆಂದು ನಾನೇನು ಸುಮ್ಮನಿರುವವಳಲ್ಲ.

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿ ಹೇಳಿದರು. “ಕೊಡ್ರಿ ಅತ್ಲಾಗೆ! ಕುರಿ ಕೂಗು ಕದ್ದು ಯಾರು ಉಪ್ಪರಿಗೆ ಕಟ್ಸ್ತಾರೆ?”

ಮೇಷ್ಟ್ರು ಸಣ್ಣ ದನಿಯಲ್ಲಿ, “ಪರೀಕ್ಷಕರು ಓದಿದ್ದು. ಆಮೇಲೆ ಆ ಕಳ್ಳ ಓದಿದ್ದು. ಇನ್ಯಾರೂ ಓದಿಲ್ಲ ಕಣಮ್ಮ,” ಅಂದರು. ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬಿಡಿ ಹಾಳೆಗಳ ಟೈಪ್ ಪ್ರತಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. ಜೊತೆಗೊಂದು ಷರತ್ತು. “ಹಾಕೋಕ್ ಮುಂಚೆ ನಂಗೆ ತೋರಿಸ್ಬೇಕು. ಒಂದ್ ಹಾಳೆ ಕೆಟ್ಟಿದ್ರೂ ವಾಪಸ್ ಕಿತ್ಕೊಂಡ್ ಬತ್ತೀನಿ.”

ಸ್ಕ್ಯಾನರ್ ಬಂದಿದ್ದು ದಸರೆಗೆ ಸ್ವಲ್ಪ ಮೊದಲು. ಆಯುಧಪೂಜೆಯ ದಿನ ಕಂಪ್ಯೂಟರು, ಫ್ಯಾನು, ಕತ್ತರಿ, ಗಮ್ಮಿನ ಬಾಟಲಿ ಎಲ್ಲಕ್ಕೂ ಹೂವೇರಿಸಿ, ಕುಂಕುಮ ಇಟ್ಟು, ಮಂಡಕ್ಕಿ ಹಂಚಿದ್ದೆವು. ಹಬ್ಬ ಮುಗಿದ ಮೇಲೆ ಸ್ಕ್ಯಾನಿಂಗ್ ಶುರುವಾಯಿತು. ನಮ್ಮ ಅಟೆಂಡರ್ ಹೆಂಗಸು ಗಾಜಿನ ಮೇಲೆ ಹಾಳೆ ಬೋರಲು ಹಾಕುವುದು, ನಾನು ಗುಂಡಿ ಒತ್ತುವುದು. ಪರದೆಯ ಮೇಲೆ ಪುಟಗಳು ಉಗುರಿನಷ್ಟು ಚಿಕ್ಕದಾಗಿ ಸಾಲಾಗಿ ಬಂದು ಕೂರುತ್ತಿದ್ದವು. ಕೆಲಸ ಮುಗಿದ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಬಂದರು.

ಮೊದಲ ಪುಟ ದೊಡ್ಡದು ಮಾಡಿ ತೋರಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. “ಮೂಲೇಲಿ ಇದೇನಮ್ಮ ಕೆಂಪಗೆ?”

ನೋಡಿದೆ. ಪುಟದ ಮೇಲ್ತುದಿಯಲ್ಲಿ ದುಂಡನೆಯ ಕೆಂಪು ಚುಕ್ಕೆ. ಮುಂದಿನ ಪುಟದಲ್ಲೂ ಇತ್ತು, ಅದರ ಮುಂದಿನದರಲ್ಲೂ.

“ಬೊಟ್ಟು ಸಾರ್,” ಅಂದಳು ಅಟೆಂಡರ್ ತಣ್ಣಗೆ. “ಆಯುಧಪೂಜೇಲಿ ನಾನೇ ಇಟ್ಟಿದ್ದು.”

“ಗಾಜಿಗಾ? ಅಲ್ಲ ಕಣಮ್ಮ, ಮುಚ್ಚಳದ ಮೇಲೆ ಇಟ್ಟಿದ್ರೆ ಏನಾಗ್ತಿತ್ತು?” ಅಂದೆ ನಾನು.

“ಮುಚ್ಚಳ ಏನ್ ಕೆಲ್ಸ ಮಾಡ್ತದೆ ಮೇಡಮ್? ಕೆಲ್ಸ ಮಾಡೋದು ಗಾಜು. ಪೂಜೆ ಬೊಟ್ಟು ಒರಸ್ಬಾರ್ದು, ತಾನಾಗೇ ಹೋಗ್ಬೇಕು ಅಂತ ಅಂಗೇ ಬಿಟ್ಟೆ.”

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಕಾಡಿ ಬೇಡಿ ತಂದದ್ದು ಒಂದು ಚಿಟಿಕೆ ಕುಂಕುಮದಿಂದ ಕೈತಪ್ಪಿಹೋಗುತ್ತಲ್ಲ! “ಸಾರ್, ಮತ್ತೆ ಸ್ಕ್ಯಾನ್ ಮಾಡ್ತೀವಿ, ದಯವಿಟ್ಟು ವಾಪಸ್ ತಗೋಬೇಡಿ,” ಎಂದು ಗೋಗರೆದೆ.

ಮೇಷ್ಟ್ರು ಪುಟದ ಮೇಲೆ ಪುಟ ಸರಿಸುತ್ತಾ ಹೋದರು. ಎಲ್ಲೋ ಮಧ್ಯದಲ್ಲಿ ಅವರ ಭುಜ ಅಲ್ಲಾಡತೊಡಗಿತು. ನಗು! ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಇರ್ಲಿ ಬಿಡಮ್ಮ. ಇನ್ಮೇಲೆ ಯಾವನಾದ್ರೂ ಕದ್ರೆ ಈ ಕುಂಕುಮಾನೇ ಹಿಡ್ಕೊಡ್ತದೆ. ಹಂಗೇ ಹಾಕು.”

ಹಾಗೇ ಹಾಕಿದೆ.

ಕೆಲವು ತಿಂಗಳು ಕಳೆದ ಮೇಲೆ ಅಜ್ಜಂಪುರದಲ್ಲೊಂದು ವಿಚಾರ ಸಂಕಿರಣ. ಮೇಷ್ಟ್ರನ್ನೂ ಕರೆದುಕೊಂಡು ಹೋಗಿದ್ದೆ. ದೂರದ ಊರಿನಿಂದ ಬಂದ ಸಂಶೋಧಕಿಯೊಬ್ಬಳು ಪ್ರಬಂಧ ಮಂಡಿಸಲು ನಿಂತಳು. ಪರದೆಯ ಮೇಲೆ ಒಂದು ಪುಟ ಬಂತು. ಮೂಲೆಯಲ್ಲಿ ಕೆಂಪು ಬೊಟ್ಟು.

ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು. “ನಂದು ಕಣೇ!” ಎಂದು ಎದ್ದೇಬಿಟ್ಟರು. ಅಯ್ಯೋ, ಇವತ್ತು ಜಗಳ ಗ್ಯಾರಂಟಿ ಅಂದುಕೊಂಡೆ. ಅಷ್ಟರಲ್ಲಿ ಆ ಹುಡುಗಿ ಮೇಷ್ಟ್ರ ಹೆಸರನ್ನು ಪೂರ್ತಿಯಾಗಿ ಹೇಳಿ, “ಈ ಕೆಲಸ ಅಂತರ್ಜಾಲದಲ್ಲಿ ಸಿಗದೇ ಹೋಗಿದ್ದರೆ ನಾನು ಈ ವಿಷಯವನ್ನೇ ಕೈಬಿಡುತ್ತಿದ್ದೆ,” ಅಂದಳು. ಮೇಷ್ಟ್ರು ಮೆಲ್ಲನೆ ಕೂತರು. ಕರ್ಚೀಫು ತೆಗೆದು ಕನ್ನಡಕ ಒರೆಸಿದರು, ಕಣ್ಣೂ ಒರೆಸಿಕೊಂಡರು.

ಆಮೇಲೆ ಅವಳು ಮಂದೆ ತಿರುಗಿಸುವ ಕೂಗನ್ನು ಪುಟದಲ್ಲಿದ್ದಂತೆ ಓದಿ ತೋರಿಸಲು ಹೋದಳು. ಪಾಪ, ಹಾಜರಿ ಕೂಗಿದ ಹಾಗಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಹಂಗಲ್ಲ ತಾಯಿ! ನಾಲ್ಗೆ ಅಂಗುಳಕ್ಕೆ ಹಚ್ಚು!” ಎನ್ನುತ್ತಾ ವೇದಿಕೆಗೇ ನಡೆದು, ಮೈಕು ಪಕ್ಕಕ್ಕೆ ಸರಿಸಿ, “ಟುರ್ರ್ರ್ರ್… ಹೋಯ್!” ಎಂದು ಕೂಗಿದರು. ಅವರೇ ಬರೆದ ಕೂಗನ್ನು ನಾನೂ ಮೊದಲ ಸಲ ಕೇಳಿದ್ದು. ಅವಳಿಗೆ ಬರುವ ತನಕ ಬಿಡಲಿಲ್ಲ. ಕೊನೆಗೆ ಸಭೆಗೆ ಸಭೆಯೇ ಟುರ್ರ್ ಎನ್ನುತ್ತಿತ್ತು. ಚಪ್ಪಾಳೆ ಹೊಡೆದು ಹೊಡೆದು ನನ್ನ ಅಂಗೈ ಕೆಂಪಾಯಿತು.

ವಾಪಸು ಬಸ್ಸಿನಲ್ಲಿ ಹೊರಟೆವು. ತರೀಕೆರೆ ಹತ್ತಿರವಾದಾಗ ಮೇಷ್ಟ್ರು ನನ್ನ ಕಡೆ ತಿರುಗಿದರು.

“ಫೋನ್ ತೆಗಿ. ಎಲ್ಲಾ ಕೂಗೂ ಕೂಗ್ತೀನಿ, ರೆಕಾರ್ಡ್ ಮಾಡ್ಕೊಂಡು ಅದನ್ನೂ ಅಲ್ಲೇ ಹಾಕ್ಬುಡು.”

“ಬಸ್ಸಲ್ಲಾ ಸಾರ್? ಮತ್ತೆ ಯಾರಾದ್ರೂ ಕದ್ರೆ?”

“ಕದೀಲಿ ಬಿಡೇ,” ಅಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಳ್ಳುತ್ತಾ. “ಕದಿಯೋರು ಸರಿಯಾಗಾದ್ರೂ ಕೂಗ್ಲಿ.”